ಹಿತ್ತಲಿನ ತಗಡಿನ ಶೆಡ್ಡನ್ನು ಕಾಂಕ್ರೀಟಿಗೆ ಬಿಗಿಯುವುದು ಹೇಗೆ?

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕ. ಚಿತ್ರದುರ್ಗದ ಹೊರವಲಯದ ಬಡಾವಣೆಯಲ್ಲಿ ನಮ್ಮ ಮನೆ. ಹಿತ್ತಲಿನಲ್ಲಿ ಎರಡು ವರ್ಷದ ಹಿಂದೆ 10 ಅಡಿ ಅಗಲ, 12 ಅಡಿ ಉದ್ದಕ್ಕೆ ಕಾಂಕ್ರೀಟ್ ಹಾಕಿಸಿದ್ದೆ. 4 ಇಂಚು ದಪ್ಪ ಎಂದು ಮೇಸ್ತ್ರಿ ಹೇಳಿದ್ದರು. ಈಗ ಅದರ ಮೇಲೆ, ಅಂಚಿಗೆ ಅಂಚು ಕೂಡುವಂತೆ, ತಗಡಿನ ಶೆಡ್ಡು ನಿಲ್ಲಿಸಿದ್ದೇವೆ. 2 ಇಂಚಿನ ಚೌಕ ಪೈಪಿನ ಚೌಕಟ್ಟು, ಸುತ್ತಲೂ ಮೇಲೂ ತಗಡು. ತೋಟದ ಸಾಮಾನು, ಗೊಬ್ಬರದ ಚೀಲ, ಒಂದು ಸ್ಕೂಟರ್ ಇಡುವ ಉದ್ದೇಶ. ವೆಲ್ಡಿಂಗ್ ಮಾಡಿದವರು “ಇಷ್ಟು ಭಾರದ ಶೆಡ್ಡು ಎಲ್ಲಿಗೂ ಹೋಗುವುದಿಲ್ಲ, ಬೇಕಾದರೆ ಮೇಲೆ ನಾಲ್ಕು ಕಲ್ಲು ಇಡಿ” ಎಂದರು. ಆದರೆ ಈ ಸಲದ ಭರಣಿ ಮಳೆಯ ಗಾಳಿಗೆ ಹಿಂದಿನ ಬೀದಿಯ ಒಂದು ಶೆಡ್ಡಿನ ಚಾವಣಿ ಎದ್ದು ಹೋಗಿ ವಿದ್ಯುತ್ ತಂತಿಯ ಮೇಲೆ ಬಿತ್ತು. ಅಂದಿನಿಂದ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಕಾಂಕ್ರೀಟಿಗೆ ಬೋಲ್ಟ್ ಹಾಕಬೇಕೇ? ಯಾವ ಬೋಲ್ಟ್, ಎಷ್ಟು, ಹೇಗೆ? ಅಥವಾ ಪಕ್ಕದ ಕಾಂಪೌಂಡ್ ಗೋಡೆಗೆ ಕಟ್ಟಿದರೆ ಸಾಕೇ?

ಉತ್ತರ: ಮೇಷ್ಟ್ರೇ, ನಿಮ್ಮ ಆತಂಕ ಸರಿಯಾಗಿಯೇ ಇದೆ. ಬೋಲ್ಟ್ ಹಾಕಲೇಬೇಕು. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಮಾತು “ಅಂಚಿಗೆ ಅಂಚು ಕೂಡುವಂತೆ” ಎಂಬುದು. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಭಾರದ ವಿಷಯ ಮುಗಿಸೋಣ, ಏಕೆಂದರೆ “ಇಷ್ಟು ಭಾರ ಇದೆಯಲ್ಲ” ಎಂಬ ಮಾತನ್ನು ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ.

ಈ ಮಾತು ಎಲ್ಲಿಂದ ಬಂತು ಎಂಬುದು ಅರ್ಥವಾಗುವಂಥದ್ದೇ. ನಮ್ಮ ಸೀಮೆಯವರು ತಲೆತಲಾಂತರದಿಂದ ಕಟ್ಟಿದ್ದು ಕಲ್ಲಿನಲ್ಲಿ, ಮಣ್ಣಿನಲ್ಲಿ. ದುರ್ಗದ ಕೋಟೆಯ ಗೋಡೆ ಗಾಳಿಗೆ ಜಗ್ಗದೆ ನಿಂತಿರುವುದು ತನ್ನ ಭಾರದಿಂದ. ಹಳ್ಳಿಗಳ ಮಣ್ಣಿನ ಮಾಳಿಗೆ ಮನೆಯೂ ಹಾಗೆಯೇ. ಅಂತಹ ಮನೆ ಕಟ್ಟುವವನಿಗೆ ಇದ್ದ ಚಿಂತೆ ಒಂದೇ: ಇಷ್ಟು ಭಾರವನ್ನು ಕೆಳಗಿನ ನೆಲ ಹೊರುತ್ತದೆಯೇ? ತಗಡಿನ ಶೆಡ್ಡಿನಲ್ಲಿ ಆ ಚಿಂತೆಯೇ ತಿರುಗಿ ನಿಲ್ಲುತ್ತದೆ. ನೆಲ ಹೊರುವಷ್ಟು ಭಾರ ಅದರಲ್ಲಿ ಇರುವುದೇ ಇಲ್ಲ. ಮೇಲಕ್ಕೆ ಹೋಗುವುದನ್ನು ಕೆಳಗೆ ಹಿಡಿದಿಡುವುದೇ ಇಲ್ಲಿ ಅಡಿಪಾಯದ ಕೆಲಸ.

ಕಣದಲ್ಲಿ ತೂರುವಾಗ ಮೊರವನ್ನು ಸ್ವಲ್ಪ ಓರೆ ಹಿಡಿದರೆ ಗಾಳಿ ಅದನ್ನು ಕೈಯಿಂದ ಕಿತ್ತುಕೊಳ್ಳುವುದನ್ನು ನೀವು ನೋಡಿರುತ್ತೀರಿ. ಗಾಳಿ ಚಾವಣಿಯ ಮೇಲೆ ರಭಸದಿಂದ ಹಾಯುವಾಗ ತಗಡಿನ ಮೇಲ್ಭಾಗದಲ್ಲಿ ಒತ್ತಡ ಕಡಿಮೆಯಾಗುತ್ತದೆ, ಒಳಗಿನ ಗಾಳಿ ತಗಡನ್ನು ಮೇಲಕ್ಕೆ ನೂಕುತ್ತದೆ. ಬಾಗಿಲು ಗಾಳಿಯ ಎದುರಿಗೆ ತೆರೆದಿದ್ದರೆ ಇನ್ನೂ ಕಷ್ಟ. ಗೋಣಿಚೀಲದ ಬಾಯಿಯನ್ನು ಗಾಳಿಗೆ ಹಿಡಿದಂತೆ ಶೆಡ್ಡು ಒಳಗಿನಿಂದ ಉಬ್ಬುತ್ತದೆ. ಹೊರಗಿನ ಸೆಳೆತ, ಒಳಗಿನ ನೂಕು ಎರಡೂ ಕೂಡಿಕೊಳ್ಳುತ್ತವೆ.

ಲೆಕ್ಕ ಹಾಕೋಣ. ಕಟ್ಟಡಗಳ ಮೇಲಿನ ಗಾಳಿಯ ಹೊರೆಗೆ ನಾವು ಅನುಸರಿಸುವ ಭಾರತೀಯ ಮಾನಕ ಐಎಸ್ 875ರ 3ನೇ ಭಾಗ, 2015ರಲ್ಲಿ ಪರಿಷ್ಕರಣೆಯಾಗಿದೆ. ಅದರ ನಕ್ಷೆಯಲ್ಲಿ ನಮ್ಮ ಭಾಗದ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಇದು ದೇಶದ ನಕ್ಷೆಯಲ್ಲಿ ಅತಿ ಕಡಿಮೆ ವೇಗದ ವಲಯ. ಆದರೂ ಆ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ 65 ಕೆ.ಜಿ. ದಾಟುತ್ತದೆ. ನಮಗೆ ತಿಳಿಯುವ ಅಳತೆಯಲ್ಲಿ, ಚದರಡಿಗೆ 6 ಕೆ.ಜಿ. ನಿಮ್ಮ ಚಾವಣಿ 120 ಚದರಡಿ. ಬಾಗಿಲು ಮುಚ್ಚಿದ್ದಾಗ ಮೇಲಕ್ಕೆ ಎತ್ತುವ ಬಲ ಸುಮಾರು 720 ಕೆ.ಜಿ. ಎಂದು ಇಟ್ಟುಕೊಳ್ಳಿ. ಬಾಗಿಲು ತೆರೆದಿದ್ದರೆ ಅದು ಒಂದೂವರೆ ಪಟ್ಟು ಆಗಬಹುದು, ಅಂದರೆ ಸಾವಿರ ಕೆ.ಜಿ.ಗೂ ಮೇಲೆ. ಇನ್ನು ಶೆಡ್ಡಿನ ಭಾರ ಎಷ್ಟು? ನೀವು ಹೇಳಿದ ಅಳತೆಯ ಪೈಪು, ಸಾಮಾನ್ಯ ಅರ್ಧ ಮಿಲಿಮೀಟರ್ ತಗಡು, ಎಲ್ಲ ಸೇರಿಸಿದರೆ 350ರಿಂದ 400 ಕೆ.ಜಿ. ನಾಲ್ಕು ಜನ ಸೇರಿ ಒಂದು ಮೂಲೆ ಎತ್ತಲು ಒದ್ದಾಡುವಾಗ ಅದು ಬಹಳ ಭಾರ ಎನಿಸುತ್ತದೆ, ನಿಜ. ಗಾಳಿಗೆ ಅದು ಭಾರವಲ್ಲ.

ಮೇಲೆ ಕಲ್ಲು ಇಡುವ ಸಲಹೆಯನ್ನು ದಯವಿಟ್ಟು ಕೇಳಬೇಡಿ. ತಲಾ 5 ಕೆ.ಜಿ.ಯ 20 ಕಲ್ಲು ಇಟ್ಟರೂ 100 ಕೆ.ಜಿ. ಆಯಿತು. ಸಾವಿರದ ಮುಂದೆ ಅದು ಏನೂ ಅಲ್ಲ. ತಗಡು ಎದ್ದ ಕ್ಷಣಕ್ಕೆ ಆ ಕಲ್ಲುಗಳು ಪಕ್ಕದ ಮನೆಯ ಅಂಗಳಕ್ಕೆ ಹಾರುತ್ತವೆ. ಬೇಸಿಗೆಯ ಸಂಜೆ ಆ ಅಂಗಳದಲ್ಲಿ ಮಕ್ಕಳು ಇರುತ್ತಾರೆ.

ನಮ್ಮಲ್ಲಿ ಗಾಳಿ ಎರಡು ಬಗೆಯದು, ಎರಡೂ ಬೋಲ್ಟನ್ನು ಬೇರೆ ಬೇರೆ ರೀತಿ ಪರೀಕ್ಷಿಸುತ್ತವೆ. ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಹೊತ್ತಿನ ಗಾಳಿ ಹದಿನೈದು ಇಪ್ಪತ್ತು ನಿಮಿಷದ ಆಟ. ಯಾವ ದಿಕ್ಕಿನಿಂದ ಎಂದು ಹೇಳಲಾಗದು, ಒಂದೇ ಏಟಿಗೆ ಎತ್ತುತ್ತದೆ. ಆಷಾಢದ ಪಡುವಣ ಗಾಳಿ ಹಾಗಲ್ಲ. ಅದು ವಾರಗಟ್ಟಲೆ ಬೀಸುತ್ತದೆ. ನಿಮ್ಮ ಊರಿನ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನೆಟ್ಟಿರುವುದು ಅದನ್ನು ನಂಬಿಕೊಂಡೇ. ಆ ಗಾಳಿ ಶೆಡ್ಡನ್ನು ಹಾರಿಸದೆ ಇರಬಹುದು, ಆದರೆ ದಿನವಿಡೀ ಅಲುಗಾಡಿಸಿ ಅಲುಗಾಡಿಸಿ ನಟ್ಟುಗಳನ್ನು ಸಡಿಲ ಮಾಡುತ್ತದೆ. ಹಾಗೆ ಸಡಿಲವಾದ ಶೆಡ್ಡು ಮುಂದಿನ ವರ್ಷದ ಭರಣಿಗೆ ಏಳುತ್ತದೆ.

ಕಾಂಪೌಂಡ್ ಗೋಡೆಗೆ ಕಟ್ಟುವುದು ಬೇಡವೇ ಬೇಡ. ಒಂಟಿಯಾಗಿ ನಿಂತ ಬ್ಲಾಕ್ ಗೋಡೆ ತಾನೇ ಗಾಳಿಗೆ ದುರ್ಬಲ. ಅದಕ್ಕೆ ಶೆಡ್ಡಿನ ಎಳೆತವನ್ನೂ ಹೊರಿಸಿದರೆ ಎರಡೂ ಒಟ್ಟಿಗೆ ಬೀಳುತ್ತವೆ. ಗೋಡೆಯ ಪಾಯ ಬೇರೆ, ನಿಮ್ಮ ಕಾಂಕ್ರೀಟಿನ ನೆಲ ಬೇರೆ. ಮಳೆಗಾಲ ಬೇಸಿಗೆಗಳಲ್ಲಿ ಎರಡೂ ಬೇರೆ ಬೇರೆಯಾಗಿ ಕುಸಿಯುತ್ತವೆ, ಏಳುತ್ತವೆ.

ಹಾಗಾದರೆ ಹಿಡಿದುಕೊಳ್ಳಬೇಕಾದದ್ದು ನಿಮ್ಮ ಕಾಂಕ್ರೀಟ್. ಅದು ನಿಜವಾಗಿ 4 ಇಂಚು ಇದ್ದರೆ 120 ಚದರಡಿಗೆ 40 ಘನಅಡಿ ಆಗುತ್ತದೆ. ಒಂದು ಘನಅಡಿ ಕಾಂಕ್ರೀಟ್ ಸುಮಾರು 68 ಕೆ.ಜಿ., ಒಟ್ಟು 2,700 ಕೆ.ಜಿ. ಮೇಲೆ. ಇದು ಸಾಕಷ್ಟು ಭಾರ. ಆದರೆ ಅದು ಒಂದೇ ಹಲಗೆಯಂತೆ ಇಡಿಯಾಗಿರಬೇಕು. ನಡುವೆ ಬಿರುಕು ಬಿಟ್ಟು ಮೂರು ತುಂಡಾಗಿದ್ದರೆ, ಬೋಲ್ಟ್ ಯಾವ ತುಂಡನ್ನು ಹಿಡಿದಿದೆಯೋ ಆ ತುಂಡಿನ ಭಾರ ಮಾತ್ರ ನಿಮ್ಮ ಪಾಲಿಗೆ. ದಾವಣಗೆರೆ ಸುತ್ತಿನ ಎರೆ ಮಣ್ಣಿನಲ್ಲಿ ಇದನ್ನು ಬಹಳ ನೋಡುತ್ತೇನೆ. ಬೇಸಿಗೆಯಲ್ಲಿ ಆ ನೆಲ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಗರಸು ತುಂಬಿ ದಮ್ಮಸ್ಸು ಹಾಕದೆ, ಕಂಬಿಯ ಜಾಲ ಇಲ್ಲದೆ ಎರೆಯ ಮೇಲೆ ಹಾಕಿದ ಕಾಂಕ್ರೀಟ್ ಎರಡು ಬೇಸಿಗೆಗೇ ಸೀಳುತ್ತದೆ. ದುರ್ಗದ ಕಡೆ ಕೆಂಪು ಗರಸು ನೆಲ ಇರುವ ಬಡಾವಣೆಗಳಲ್ಲಿ ಈ ತೊಂದರೆ ಕಡಿಮೆ. ನಿಮ್ಮದು ಯಾವ ಮಣ್ಣು ಎಂದು ನೀವು ಬರೆದಿಲ್ಲ. ಒಮ್ಮೆ ನೆಲ ಗುಡಿಸಿ, ನೀರು ಚಿಮುಕಿಸಿ ನೋಡಿ. ಮೇಲ್ಮೈ ಒಣಗುವಾಗ ಬಿರುಕಿನ ಗೆರೆಗಳು ಮಾತ್ರ ತೇವವಾಗಿ ಉಳಿದು ಎದ್ದು ಕಾಣುತ್ತವೆ.

ದಪ್ಪವನ್ನೂ ಮೇಸ್ತ್ರಿಯ ಮಾತಿನ ಮೇಲೆ ನಂಬಬೇಡಿ. ಅಂಚಿನಲ್ಲಿ ಮಣ್ಣು ಕೆರೆದು ಅಳೆದರೂ ನಂಬಬೇಡಿ, ಏಕೆಂದರೆ ಹಲಗೆ ಕಟ್ಟಿದ ಅಂಚು ದಪ್ಪಗೆ ಕಂಡು ಒಳಗೆ ತೆಳ್ಳಗಿರುವುದು ಉಂಟು. 6 ಮಿಲಿಮೀಟರ್ ಬಿಟ್ ಹಾಕಿದ ಹ್ಯಾಮರ್ ಡ್ರಿಲ್‌ನಿಂದ, ಬೋಲ್ಟ್ ಬರುವ ಜಾಗಕ್ಕೆ ಹತ್ತಿರ ಎರಡು ಮೂರು ಕಡೆ ಸಣ್ಣ ತೂತು ಕೊರೆಯಿರಿ. ಕೊರೆಯುವಾಗ ಹೊರಬರುವ ಪುಡಿಯನ್ನು ನೋಡುತ್ತಿರಿ. ಬೂದು ಬಣ್ಣದ ನುಣುಪು ಪುಡಿ ಬರುತ್ತಿದ್ದರೆ ಬಿಟ್ ಕಾಂಕ್ರೀಟಿನಲ್ಲಿ ಇದೆ. ಕೆಂಪು ಪುಡಿ ಬಂದರೆ ಕೆಳಗೆ ಇಟ್ಟಿಗೆ ಚೂರು ತುಂಬಿದ್ದಾರೆ. ಒಮ್ಮೆಲೇ ಬಿಟ್ ತಡೆಯಿಲ್ಲದೆ ಒಳಗೆ ಜಾರಿದರೆ ಕಾಂಕ್ರೀಟ್ ಅಲ್ಲಿಗೆ ಮುಗಿಯಿತು. ತುದಿ ಸ್ವಲ್ಪ ಬಗ್ಗಿಸಿದ ಗಟ್ಟಿ ತಂತಿಯನ್ನು ಇಳಿಸಿ, ಕೆಳಗಿನ ಅಂಚಿಗೆ ಕೊಕ್ಕೆ ಹಾಕಿ, ಮೇಲೆ ಉಗುರಿನಿಂದ ಗುರುತು ಹಿಡಿದು ಹೊರತೆಗೆದು ಅಳೆಯಿರಿ. ಅದೇ ನಿಮ್ಮ ನಿಜವಾದ ದಪ್ಪ.

ಇನ್ನೊಂದು ಎಚ್ಚರ. ಕಾಂಕ್ರೀಟಿನ ಮೇಲೆ ಕಡಪ ಕಲ್ಲು, ಶಹಾಬಾದ್ ಕಲ್ಲು ಅಥವಾ ಟೈಲ್ಸ್ ಹಾಸಿದ್ದರೆ ಆ ದಪ್ಪ ಲೆಕ್ಕಕ್ಕಿಲ್ಲ. ಬೋಲ್ಟ್ ಕಲ್ಲನ್ನು ಹಿಡಿದರೆ ಗಾಳಿಗೆ ಏಳುವುದು ಆ ಕಲ್ಲೇ. ಹಾಗೆಯೇ 1:4:8 ಮಿಶ್ರಣದ (ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು, ಎಂಟು ಪಾಲು ಜಲ್ಲಿ) ಬೆಡ್ ಕಾಂಕ್ರೀಟ್ ಬೋಲ್ಟ್ ಹಿಡಿಯುವಂಥದ್ದಲ್ಲ. ಅದು ಕೆಳಹಾಸಿಗೆ ಮಾತ್ರ. ಸುತ್ತಿಗೆಯಿಂದ ತಟ್ಟಿದರೆ ಠಣ್ ಎನ್ನುವ, ಮೊಳೆಯಿಂದ ಗೀರಿದರೆ ಪುಡಿ ಉದುರದ ಕಾಂಕ್ರೀಟ್ ಬೇಕು.

ಈಗ ಅಂಚಿನ ವಿಷಯ. ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಕೆಲಸ ಶುರು ಮಾಡಿದ ಹೊಸತರಲ್ಲಿ, ಹೊಳಲ್ಕೆರೆ ಕಡೆಯ ಒಂದು ತೋಟದಲ್ಲಿ ಅಡಿಕೆ ಸುಲಿಯುವ ಶೆಡ್ಡು ನಿಲ್ಲಿಸಿದ್ದೆ. ಮಳೆನೀರು ಒಳಗೆ ಬರಬಾರದೆಂದು ಗೋಡೆಯನ್ನು ಕಾಂಕ್ರೀಟಿನ ಅಂಚಿಗೇ ತಂದು, ಅಂಚಿನಿಂದ 2 ಇಂಚು ಒಳಗೆ 12 ಮಿಲಿಮೀಟರಿನ ದಪ್ಪ ಬೋಲ್ಟುಗಳನ್ನು ಬಿಗಿದಿದ್ದೆ. ದಪ್ಪ ಬೋಲ್ಟ್ ಹಾಕಿದರೆ ಗಟ್ಟಿ ಎಂಬುದು ಆಗ ನನ್ನ ನಂಬಿಕೆ. ಮೂಲೆಯ ಒಂದು ಬೋಲ್ಟ್ ಬಿಗಿಯುವಾಗಲೇ ಕಾಂಕ್ರೀಟಿನಲ್ಲಿ ಕೂದಲೆಳೆಯಷ್ಟು ಗೆರೆ ಮೂಡಿತು. ಅದರ ಮೇಲೆ ಸಿಮೆಂಟ್ ಹಾಲು ಸವರಿ ಮುಚ್ಚಿದೆ. ಆ ಆಷಾಢದಲ್ಲಿ ಶೆಡ್ಡಿನ ಪಡುವಣ ಮೂಲೆ ಎದ್ದು, ತಗಡು ಅಡಿಕೆ ಮರಗಳ ನಡುವೆ ಸಿಕ್ಕಿಕೊಂಡಿತು. ಹೋಗಿ ನೋಡಿದರೆ ಬೋಲ್ಟ್ ಮುರಿದಿರಲಿಲ್ಲ, ನಟ್ಟು ಬಿಚ್ಚಿರಲಿಲ್ಲ. ಬೋಲ್ಟಿನ ಬುಡಕ್ಕೆ ತೆಂಗಿನ ಚಿಪ್ಪಿನ ಆಕಾರದ ಕಾಂಕ್ರೀಟ್ ತುಂಡೊಂದು ಅಂಟಿಕೊಂಡು ಪೈಪಿನಿಂದ ನೇತಾಡುತ್ತಿತ್ತು. ಯಾರಿಗೂ ಏಟಾಗಿರಲಿಲ್ಲ. ಶೆಡ್ಡನ್ನು ನನ್ನ ಖರ್ಚಿನಲ್ಲಿ ಮತ್ತೆ ಕಟ್ಟಿಕೊಟ್ಟೆ. ಆ ಚಿಪ್ಪು ಇನ್ನೂ ನನ್ನ ಕಚೇರಿಯ ಮೇಜಿನ ಮೇಲೆ ಇದೆ, ಹೊಸ ಹುಡುಗರು ಕೆಲಸಕ್ಕೆ ಸೇರಿದಾಗ ಅದನ್ನು ಅವರ ಕೈಗೆ ಕೊಡುತ್ತೇನೆ.

ಇಂತಹ ಕೆಲಸಕ್ಕೆ ಹಾಕುವ ಹಿಗ್ಗುವ ಬೋಲ್ಟ್ ಕಾಂಕ್ರೀಟನ್ನು ಹಿಡಿಯುವುದು ತೂತಿನ ಸುತ್ತಲಿನ ಗೋಡೆಯನ್ನು ಹೊರಕ್ಕೆ ಒತ್ತಿ. ಮೇಲಕ್ಕೆ ಎಳೆದಾಗ ಅದರ ಬುಡದಿಂದ ಮೇಲ್ಮೈಯವರೆಗೆ ಆಲಿಕೆಯಂತೆ ಅಗಲವಾಗುವ ಕಾಂಕ್ರೀಟಿನ ಭಾಗವೇ ಅದನ್ನು ತಡೆಯುತ್ತದೆ. ಅಂಚು ಹತ್ತಿರವಿದ್ದರೆ ಆ ಆಲಿಕೆಯ ಅರ್ಧ ಭಾಗ ಇರುವುದೇ ಇಲ್ಲ, ಒತ್ತಡಕ್ಕೆ ಅಂಚು ಸಿಡಿಯುತ್ತದೆ. ಬೋಲ್ಟಿನ ದಪ್ಪದ ಹತ್ತು ಪಟ್ಟು ದೂರ ಅಂಚಿನಿಂದ ಇರಲಿ ಎಂಬುದು ನಾನು ಎಂದೂ ಬಿಡದ ಲೆಕ್ಕ. 10 ಮಿಲಿಮೀಟರ್ ಬೋಲ್ಟಿಗೆ 100 ಮಿಲಿಮೀಟರ್, ಅಂದರೆ 4 ಇಂಚು. ನಿಮ್ಮ ತಳದ ಪೈಪಿನ ನಡುವೆ ತೂತು ಕೊರೆದು ನೇರವಾಗಿ ಬೋಲ್ಟ್ ಹಾಕಿದರೆ ಅದು ಅಂಚಿನಿಂದ 1 ಇಂಚಿನಲ್ಲಿ ಬರುತ್ತದೆ. ವೆಲ್ಡಿಂಗ್‌ನವರು ಮಾಡಲು ಹೊರಡುವುದು ಅದನ್ನೇ. ಹಾಗೆ ಮಾಡಲು ಬಿಡಬೇಡಿ.

ಅದಕ್ಕೆ ಪರಿಹಾರ ಕಷ್ಟದ್ದಲ್ಲ. 3 ಇಂಚಿನ ಆ್ಯಂಗಲ್ (‘ಎಲ್’ ಆಕಾರದ ಕಬ್ಬಿಣ), ಅಂದರೆ 75×75×6 ಎಂದು ಅಂಗಡಿಯಲ್ಲಿ ಕೇಳಿದರೆ ಕೊಡುವ ಅಳತೆ, ಅದನ್ನು 4 ಇಂಚು ಉದ್ದದ ತುಂಡುಗಳಾಗಿ ಕತ್ತರಿಸಿಕೊಳ್ಳಿ. ತುಂಡಿನ ಒಂದು ಮಗ್ಗುಲು ತಳದ ಪೈಪಿನ ಒಳಮುಖಕ್ಕೆ ವೆಲ್ಡ್ ಆಗಬೇಕು, ಇನ್ನೊಂದು ಮಗ್ಗುಲು ಕಾಂಕ್ರೀಟಿನ ಮೇಲೆ ಚಪ್ಪಟೆಯಾಗಿ ಕೂರಬೇಕು. ಮಲಗಿದ ಮಗ್ಗುಲಿನಲ್ಲಿ, ಮಡಿಕೆಯಿಂದ 2 ಇಂಚು ದೂರಕ್ಕೆ ಬೋಲ್ಟಿನ ತೂತು. ಪೈಪಿನ 2 ಇಂಚು, ಇದರ 2 ಇಂಚು, ಅಂಚಿನಿಂದ 4 ಇಂಚು ಸಿಕ್ಕಿತು. ಮಡಿಕೆಯಲ್ಲಿ ಒಂದು ತ್ರಿಕೋನ ತುಂಡನ್ನು ಒತ್ತುಗೊಟ್ಟು ವೆಲ್ಡ್ ಮಾಡಿಸಿದರೆ ಆ್ಯಂಗಲ್ ಬಾಗುವ ಭಯವೂ ಇರುವುದಿಲ್ಲ. 5 ಮಿಲಿಮೀಟರ್ ಚಪ್ಪಟೆ ಪಟ್ಟಿಯನ್ನು ಬಗ್ಗಿಸಿ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಎಳೆತಕ್ಕೆ ಅದು ನೆಟ್ಟಗಾಗುತ್ತದೆ. ಎಲ್ಲ ವೆಲ್ಡಿಂಗ್ ಮೊದಲು ಮುಗಿಯಲಿ, ವೆಲ್ಡಿನ ಮೇಲಿನ ಕಿಟ್ಟ ತಟ್ಟಿ ತೆಗೆದು ಎರಡು ಕೈ ಜಿಂಕ್ ಬಣ್ಣ ಬಳಿಯಿರಿ, ಆಮೇಲೆ ಕಾಂಕ್ರೀಟ್ ಕೊರೆಯಿರಿ. ಬೋಲ್ಟ್ ಕೂರಿಸಿದ ಮೇಲೆ ಅದರ ಪಕ್ಕದಲ್ಲಿ ವೆಲ್ಡ್ ಮಾಡಬಾರದು. ಪೈಪು ಜಿ.ಐ., ಅಂದರೆ ಸತುವಿನ ಲೇಪದ್ದು ಆಗಿದ್ದರೆ ವೆಲ್ಡ್ ಮಾಡುವಾಗ ಏಳುವ ಬಿಳಿ ಹೊಗೆ ಕೆಟ್ಟದ್ದು. ಬಾಗಿಲು ತೆರೆದು, ಗಾಳಿ ಆಡುವಂತೆ ಮಾಡಿ ಕೆಲಸ ಮಾಡಲು ಆ ಹುಡುಗರಿಗೆ ಹೇಳಿ.

ಅಂಚಿಗೆ ಅಂಚು ಕೂಡಿಸಿದ್ದರಿಂದ ಒಂದು ಒಳ್ಳೆಯದೂ ಆಗಿದೆ. ಹೊರಗಿನ ತಗಡನ್ನು ಕಾಂಕ್ರೀಟಿನ ಮೇಲ್ಮಟ್ಟದಿಂದ ಒಂದು ಇಂಚು ಕೆಳಕ್ಕೆ ಇಳಿಬಿಟ್ಟರೆ ಮಳೆನೀರು ಹೊರಗೇ ತೊಟ್ಟಿಕ್ಕುತ್ತದೆ, ಪೈಪಿನ ಅಡಿಗೆ ನುಗ್ಗುವುದಿಲ್ಲ.

ಎಷ್ಟು ಬೋಲ್ಟ್ ಎಂದು ಕೇಳಿದ್ದೀರಿ. ಹನ್ನೆರಡು. 12 ಅಡಿಯ ಎರಡು ಮಗ್ಗುಲಿಗೂ ತಲಾ ನಾಲ್ಕು, ಹಿಂಬದಿಗೆ ಎರಡು, ಬಾಗಿಲ ಎರಡೂ ಕಂಬದ ಬುಡಕ್ಕೆ ಒಂದೊಂದು. ಎರಡು ಅಂಚು ಸೇರುವ ಮೂಲೆಯಲ್ಲಿ ಬೋಲ್ಟ್ ಬೇಡ, ಮೂಲೆಯಿಂದ ಒಂದಡಿ ಸರಿದು ಇರಲಿ. ಒಳ್ಳೆಯ ಕಾಂಕ್ರೀಟಿನಲ್ಲಿ ಸರಿಯಾಗಿ ಕೂತ 10 ಮಿಲಿಮೀಟರ್ ಬೋಲ್ಟ್ ಒಂದೊಂದೂ ಹೆಚ್ಚೇ ಹೊರುತ್ತದೆ, ಆದರೆ ಹಿತ್ತಲಿನ ಕಾಂಕ್ರೀಟಿಗೆ ನಾನು ಒಂದಕ್ಕೆ 200ರಿಂದ 250 ಕೆ.ಜಿ. ಮಾತ್ರ ಲೆಕ್ಕ ಹಿಡಿಯುತ್ತೇನೆ. ಗಾಳಿ ಒಂದು ಮಗ್ಗುಲಿನಿಂದ ಬಡಿದಾಗ ಶೆಡ್ಡು ಎದುರು ಮಗ್ಗುಲಿನ ಮೇಲೆ ಮಗುಚಲು ನೋಡುತ್ತದೆ. ಆಗ ಎಳೆತವೆಲ್ಲ ಗಾಳಿಯ ಕಡೆಯ ನಾಲ್ಕು ಬೋಲ್ಟುಗಳ ಮೇಲೆಯೇ ಬೀಳುತ್ತದೆ. ಒಟ್ಟು ಎತ್ತುವ ಬಲವನ್ನು ಹನ್ನೆರಡರಿಂದ ಭಾಗಿಸಿ ನೆಮ್ಮದಿಯಾಗಿ ಇರಲು ಆಗದು. ಅದಕ್ಕೇ ಇಷ್ಟು.

10 ಮಿಲಿಮೀಟರಿಗಿಂತ ದಪ್ಪದ್ದು ಬೇಡ ಎನ್ನುವುದಕ್ಕೂ ಕಾರಣ ಇದೆ. ದಪ್ಪ ಹೆಚ್ಚಿದಂತೆ ಆಳವೂ ಅಂಚಿನ ದೂರವೂ ಹೆಚ್ಚು ಬೇಕು. 4 ಇಂಚಿನ ಕಾಂಕ್ರೀಟಿನಲ್ಲಿ ಅಷ್ಟು ಜಾಗ ಇಲ್ಲ. ಹಿಗ್ಗುವ ಬೋಲ್ಟಿಗೆ ಅಂಗಡಿಯಲ್ಲಿ ಆ್ಯಂಕರ್ ಫಾಸ್ಟನರ್ ಎನ್ನುತ್ತಾರೆ, 10×100 ಅಳತೆಯದು, ಅಂದರೆ 10 ಮಿಲಿಮೀಟರ್ ದಪ್ಪ, 100 ಮಿಲಿಮೀಟರ್ ಉದ್ದದ್ದು ಕೊಳ್ಳಿ. ಅಂಗಡಿಯಲ್ಲಿ ಎರಡು ಬಗೆ ಇಡುತ್ತಾರೆ. ಉದ್ದ ಬೋಲ್ಟಿನ ತುದಿಯಲ್ಲಿ ಸಣ್ಣ ಪಟ್ಟಿ ಸುತ್ತಿದ ಬಗೆಗೆ ಬೋಲ್ಟಿನಷ್ಟೇ, 10 ಮಿಲಿಮೀಟರ್ ತೂತು ಸಾಕು. ಮೇಲೆ ಇಡೀ ಕೊಳವೆ ತೊಡಿಸಿದ ಬಗೆಗೆ ಆ ಕೊಳವೆಯ ಹೊರ ಅಳತೆಯ ತೂತು ಬೇಕು. ಇವೆರಡನ್ನು ಗೊಂದಲ ಮಾಡಿಕೊಂಡು ದೊಡ್ಡ ತೂತು ಕೊರೆದರೆ ಬೋಲ್ಟ್ ಸುಮ್ಮನೆ ತಿರುಗುತ್ತಲೇ ಇರುತ್ತದೆ. ನಿಮಗೆ ಮೊದಲನೆಯದು ಸರಿ. ನೀವು ಗೊಬ್ಬರದ ಚೀಲ ಇಡುವುದರಿಂದ ಹಳದಿ ಹೊಳಪಿನ ಅಗ್ಗದ ಲೇಪದ ಬೋಲ್ಟ್ ಬೇಡ. ಯೂರಿಯಾ, ಪೊಟ್ಯಾಷ್ ಹೀರಿದ ತೇವ ಅದನ್ನು ಬೇಗ ತಿನ್ನುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟಿಗೆ ಹಣ ಹೆಚ್ಚಾಗುತ್ತದೆ, ಆದರೆ ಹನ್ನೆರಡೇ ತಾನೇ. ಚೀಲಗಳನ್ನೂ ನೆಲಕ್ಕೆ ಇಡದೆ ಹಲಗೆಯ ಮೇಲೆ, ಬೋಲ್ಟುಗಳಿಂದ ದೂರ ಇಡಿ.

ಕೊರೆಯುವ ಕೆಲಸವನ್ನು ಅವಸರದಲ್ಲಿ ಮಾಡಿಸಬೇಡಿ. ಆ್ಯಂಗಲ್ಲಿನ ತೂತಿನ ಮೂಲಕವೇ, ಡ್ರಿಲ್ ನೇರವಾಗಿ ಹಿಡಿದು ಕೊರೆಯಬೇಕು. ಬಿಟ್ಟಿನ ಮೇಲೆ 75 ಮಿಲಿಮೀಟರಿಗೆ ಒಂದು ಸುತ್ತು ಟೇಪ್ ಅಂಟಿಸಿ, ಟೇಪ್ ಕಾಂಕ್ರೀಟಿಗೆ ತಾಗಿದರೆ ನಿಲ್ಲಿಸಿ. ಬೋಲ್ಟ್ ಕೂರುವುದು 60 ಮಿಲಿಮೀಟರ್ ಆಳಕ್ಕೆ, ಉಳಿದದ್ದು ತಳದ ಪುಡಿಗೆ. ನಡುವೆ ಬಿಟ್ ಕಿರುಗುಟ್ಟಿ ನಿಂತು, ಪುಡಿಯಲ್ಲಿ ಹೊಳೆಯುವ ಚೂರು ಕಂಡರೆ ಕಂಬಿ ತಾಗಿದೆ. ಬಲವಂತ ಬೇಡ. ಪಕ್ಕಕ್ಕೆ ಸರಿದು ಇನ್ನೊಂದು ಆ್ಯಂಗಲ್ ತುಂಡು ಕೂರಿಸಿ ಅಲ್ಲಿ ಕೊರೆಯಿರಿ, ಹಳೆಯ ತೂತನ್ನು ಗ್ರೌಟ್ (ಸಂದು ತುಂಬುವ ಸಿಮೆಂಟ್ ಗಾರೆ) ತುಂಬಿ ಮುಚ್ಚಿ.

ಆಮೇಲಿನ ಕೆಲಸವನ್ನು ನಮ್ಮಲ್ಲಿ ನೂರಕ್ಕೆ ತೊಂಬತ್ತು ಜನ ಮಾಡುವುದಿಲ್ಲ ಎಂದೇ ನನಗೆ ಅನಿಸುತ್ತದೆ: ತೂತನ್ನು ಶುಚಿ ಮಾಡುವುದು. ಕೊರೆದ ತೂತಿನ ಗೋಡೆಗೆ ಪೌಡರ್ ಬಳಿದಂತೆ ಪುಡಿ ಅಂಟಿರುತ್ತದೆ. ಬೋಲ್ಟ್ ಒತ್ತುವುದು ಆ ಪುಡಿಯನ್ನು, ಕಾಂಕ್ರೀಟನ್ನಲ್ಲ. ಸೈಕಲ್ ಪಂಪಿನ ತುದಿಗೆ ತೆಳ್ಳನೆಯ ಕೊಳವೆ ಸಿಕ್ಕಿಸಿ, ತೂತಿನ ತಳಕ್ಕೆ ಇಳಿಸಿ ನಾಲ್ಕು ಸಲ ಊದಿ. ಮೊದಲ ಸಲ ಮುಖಕ್ಕೆ ಬೂದಿ ಎರಚಿದಂತೆ ಬರುತ್ತದೆ, ಕಣ್ಣು ಜೋಪಾನ. ಬಾಟಲಿ ತೊಳೆಯುವ ಬ್ರಷ್ಷಿನಂತಹ ಸಣ್ಣ ತಂತಿ ಬ್ರಷ್ಷಿನಿಂದ ಒಳಗೆ ತಿರುಗಿಸಿ ಉಜ್ಜಿ, ಮತ್ತೆ ಊದಿ. ಊದಿದಾಗ ಏನೂ ಬಾರದಿದ್ದರೆ ತೂತು ಸಿದ್ಧವಾಯಿತು. ಬೋಲ್ಟಿನ ಮೇಲ್ತುದಿಯ ಮರೆಗಳು (ನಟ್ಟು ತಿರುಗುವ ಸುತ್ತುಗೆರೆಗಳು) ಜಜ್ಜಿಹೋಗದಂತೆ ನಟ್ಟನ್ನು ಆ ತುದಿಯ ಮಟ್ಟಕ್ಕೆ ತಿರುಗಿಸಿಟ್ಟು, ಸುತ್ತಿಗೆಯಿಂದ ತಟ್ಟಿ ಇಳಿಸಿ. ಅಗಲ ವಾಷರ್ ಇರಲಿ. ಕೈಯಲ್ಲಿ ಬಿಗಿಯಾಗುವವರೆಗೆ ತಿರುಗಿಸಿ, ಅಲ್ಲಿಂದ 17ರ ಸ್ಪ್ಯಾನರ್ ಹಾಕಿ ಮೂರರಿಂದ ಐದು ಸುತ್ತು. ಸುತ್ತು ಸುತ್ತಿಗೂ ಬಿಗಿ ಏರುತ್ತಿರುವುದು ಕೈಗೆ ಗೊತ್ತಾಗಬೇಕು. ಐದು ಸುತ್ತಾದರೂ ಅದೇ ಸಡಿಲ ಇದ್ದರೆ, ಅಥವಾ ಬೋಲ್ಟ್ ತೂತಿನಿಂದ ಮೇಲೆ ಮೇಲೆ ಬರುತ್ತಿದ್ದರೆ ಅದು ಹಿಡಿದಿಲ್ಲ. ಅದನ್ನು ಲೆಕ್ಕದಿಂದ ಬಿಟ್ಟು, 4 ಇಂಚು ಸರಿದು, ಇನ್ನೊಂದು ಆ್ಯಂಗಲ್ ತುಂಡಿನಲ್ಲಿ ಹೊಸತು ಹಾಕಿ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆಯುವುದು ಬೇಡ, ಕಾಂಕ್ರೀಟ್ ಸೀಳುತ್ತದೆ.

ತಳದ ಪೈಪಿನ ಅಡಿಯಲ್ಲಿ ಎಲ್ಲಿಯಾದರೂ ಬೆಳಕು ಕಾಣುತ್ತಿದ್ದರೆ ಬಿಗಿಯುವ ಮೊದಲೇ ಅಲ್ಲಿ ಕಬ್ಬಿಣದ ತೆಳು ಪಟ್ಟಿ ತುರುಕಿ ಸಂದನ್ನು ಗ್ರೌಟ್‌ನಿಂದ ತುಂಬಿಸಿ. ಟೊಳ್ಳಿನ ಮೇಲೆ ಬಿಗಿದರೆ ಪೈಪು ಬಾಗಿ, ಬಾಗಿಲು ಮುಚ್ಚದಂತಾಗುತ್ತದೆ.

ರಾಸಾಯನಿಕ ಅಂಟಿನ ಆ್ಯಂಕರ್ ಬಗ್ಗೆಯೂ ನಿಮಗೆ ಯಾರಾದರೂ ಹೇಳಬಹುದು. ಅದು ಕಾಂಕ್ರೀಟನ್ನು ಹೊರಕ್ಕೆ ಒತ್ತುವುದಿಲ್ಲ, ಅಂಟಿ ಹಿಡಿಯುತ್ತದೆ. ಹಾಗಾಗಿ ಅಂಚು ಹತ್ತಿರವಿರುವ ಕಡೆ, ಹಿಗ್ಗುವ ಬೋಲ್ಟ್ ಹಿಡಿಯದ ಕಡೆ ಒಳ್ಳೆಯದು. 10 ಮಿಲಿಮೀಟರ್ ಕಂಬಿಗೆ 12 ಮಿಲಿಮೀಟರ್ ತೂತು, ಅಂಟನ್ನು ತಳದಿಂದ ತುಂಬುತ್ತ ಬರಬೇಕು, ಕಂಬಿಯನ್ನು ತಿರುಗಿಸುತ್ತ ಇಳಿಸಬೇಕು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದು ಕೈಯಲ್ಲೇ ಗಟ್ಟಿಯಾಗಿಬಿಡುತ್ತದೆ, ಬೆಳಗ್ಗೆಯೇ ಮಾಡಿಸಿ. ತೂತಿನಲ್ಲಿ ಪುಡಿ ಉಳಿದರೆ ಮಾತ್ರ ಇದು ಇನ್ನೂ ಕೆಟ್ಟದಾಗಿ ಕೈಕೊಡುತ್ತದೆ.

ಅಳೆದಾಗ ಕಾಂಕ್ರೀಟ್ ಮೂರೂವರೆ ಇಂಚಿಗಿಂತ ಕಡಿಮೆ ಬಂದರೆ, ಒಡೆದಿದ್ದರೆ, ಪುಡಿಯಾಗುತ್ತಿದ್ದರೆ ಬೋಲ್ಟ್ ಕೊಳ್ಳಲೇ ಹೋಗಬೇಡಿ. ಆಗ ಮೂಲೆಗಳಲ್ಲಿ ನಾಲ್ಕು, ಉದ್ದ ಮಗ್ಗುಲುಗಳ ನಡುವೆ ಎರಡು, ಒಟ್ಟು ಆರು ಕಡೆ ಕಾಂಕ್ರೀಟ್ ಒಡೆದು, ಒಂದೂವರೆ ಅಡಿ ಚೌಕದ, 2 ಅಡಿ ಆಳದ ಗುಂಡಿ ತೋಡಿಸಿ. 1:1½:3 ಮಿಶ್ರಣದ ಕಾಂಕ್ರೀಟ್ ತುಂಬಿದರೆ ಒಂದೊಂದೂ 300 ಕೆ.ಜಿ. ತೂಗುತ್ತದೆ. ಆರು ಸೇರಿ 1,800 ಕೆ.ಜಿ. ಕಾಂಕ್ರೀಟ್ ಹಸಿಯಿರುವಾಗಲೇ 12 ಮಿಲಿಮೀಟರಿನ, ಒಂದಡಿ ಉದ್ದದ ಜೆ ಬೋಲ್ಟ್ (ಬುಡ ಕೊಕ್ಕೆಯಂತೆ ಬಾಗಿದ ಬೋಲ್ಟ್) ನಿಲ್ಲಿಸಬೇಕು. ಬೋಲ್ಟ್ ಎಲ್ಲಿ ಬರಬೇಕೆಂದು ಆ್ಯಂಗಲ್ ತುಂಡನ್ನೇ ಅಚ್ಚಾಗಿಟ್ಟು ಗುರುತು ಮಾಡಿ. ಇಲ್ಲವಾದರೆ ಆಮೇಲೆ ತೂತಿಗೆ ಬೋಲ್ಟ್ ಸೇರುವುದಿಲ್ಲ. ಎರೆ ನೆಲವಾದರೆ ಇನ್ನೂ ಆಳಕ್ಕೆ, ಗಟ್ಟಿ ಗರಸು ಸಿಗುವವರೆಗೆ ಹೋಗಿ. ಗೋಣಿಚೀಲ ಹೊದಿಸಿ ಏಳು ದಿನವಾದರೂ ನೀರು ಹಾಕಿ. ಕಂಬದ ಬುಡವನ್ನೇ ಕಾಂಕ್ರೀಟಿನಲ್ಲಿ ಹೂಳುವುದು ಸುಲಭ ಎಂದು ಕೆಲವರು ಹೇಳುತ್ತಾರೆ. ಹೂಳಬಹುದು, ಆದರೆ ಪೈಪು ಕಾಂಕ್ರೀಟಿನಿಂದ ಹೊರಬರುವ ಗೆರೆಯಲ್ಲೇ ನೀರು ನಿಂತು ತುಕ್ಕು ಹಿಡಿಯುತ್ತದೆ. ಮೇಲಿನಿಂದ ಬಣ್ಣ ಚೆನ್ನಾಗಿಯೇ ಕಾಣುತ್ತಿರುತ್ತದೆ, ಬುಡ ಕಾಗದದಂತಾಗಿರುತ್ತದೆ. ಬೋಲ್ಟ್ ಆದರೆ ಕಣ್ಣಿಗೆ ಕಾಣುತ್ತದೆ, ಬದಲಿಸಬಹುದು.

ಕೆಳಗೆ ಇಷ್ಟೆಲ್ಲ ಮಾಡಿ ಮೇಲೆ ಬಿಟ್ಟುಬಿಡಬೇಡಿ. ಹಿಂದಿನ ಬೀದಿಯಲ್ಲಿ ಎದ್ದದ್ದು ಚಾವಣಿ ಎಂದು ನೀವೇ ಬರೆದಿದ್ದೀರಿ. ಅಲ್ಲಿ ಸೋತದ್ದು ಬುಡವಲ್ಲ, ತಗಡು ಮತ್ತು ಅಡ್ಡಪೈಪಿನ ನಡುವಿನ ಸ್ಕ್ರೂ ಇರಬೇಕು. ಚಾವಣಿಯ ಅಂಚಿನಲ್ಲಿ, ಮೂಲೆಗಳಲ್ಲಿ ಗಾಳಿಯ ಸೆಳೆತ ನಡುಭಾಗಕ್ಕಿಂತ ಬಹಳ ಹೆಚ್ಚು. ಅಲ್ಲಿ ತಗಡಿನ ಪ್ರತಿ ಉಬ್ಬಿಗೂ ರಬ್ಬರ್ ವಾಷರ್ ಇರುವ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ಹಾಕಿಸಿ. ನಡುವೆ ಒಂದು ಬಿಟ್ಟು ಒಂದಾದರೂ ನಡೆಯುತ್ತದೆ. ಚಾವಣಿಯ ತಗಡು ಗೋಡೆಯಿಂದ ಹೊರಗೆ ಅರ್ಧ ಅಡಿಗಿಂತ ಹೆಚ್ಚು ಚಾಚದಿರಲಿ. ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ ಬೇಕು. ಗಾಳಿ ಏಳುವ ಲಕ್ಷಣ ಕಂಡರೆ ಮೊದಲು ಬಾಗಿಲು ಹಾಕಿ. ಶೆಡ್ಡಿಗೆ ದೀಪದ ಸಂಪರ್ಕ ಕೊಡುವುದಾದರೆ ಚೌಕಟ್ಟಿಗೆ ಅರ್ಥಿಂಗ್ ಕೊಡಿಸದೆ ಸ್ವಿಚ್ ಹಾಕಬೇಡಿ. ಸುತ್ತ ಕಬ್ಬಿಣ ಇರುವ ಕೋಣೆ ಅದು.

ಹಿಗ್ಗುವ ಬೋಲ್ಟ್ ಮೊದಲ ಕೆಲವು ದಿನಗಳಲ್ಲಿ ತಾನಾಗಿ ಸ್ವಲ್ಪ ಸಡಿಲುತ್ತದೆ. ಒಂದು ವಾರದ ನಂತರ ಹನ್ನೆರಡಕ್ಕೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿ. ಬಿಗಿದ ಮೇಲೆ ನಟ್ಟು ಮತ್ತು ಬೋಲ್ಟಿನ ಮೇಲೆ ಅಡ್ಡಲಾಗಿ ಕೆಂಪು ಬಣ್ಣದ ಒಂದು ಗೆರೆ ಎಳೆದುಬಿಡಿ. ನಟ್ಟು ತಿರುಗಿದ್ದರೆ ಗೆರೆ ಮುರಿದು ಕಾಣುತ್ತದೆ, ಬಗ್ಗಿ ಮುಟ್ಟಿ ನೋಡುವ ಕಷ್ಟ ನಿಮಗೆ ಇರುವುದಿಲ್ಲ. ಆಷಾಢ ಕಳೆದ ಮೇಲೆ ಒಮ್ಮೆ, ಯುಗಾದಿಯ ಹೊತ್ತಿಗೆ ಒಮ್ಮೆ ಆ ಗೆರೆಗಳನ್ನು ನೋಡಿ. ಸದ್ಯಕ್ಕೆ ಆ 6 ಮಿಲಿಮೀಟರ್ ತೂತುಗಳನ್ನು ಕೊರೆಸಿ, ತಂತಿಯಲ್ಲಿ ಎಷ್ಟು ಅಳತೆ ಬಂತು, ಪುಡಿ ಯಾವ ಬಣ್ಣದ್ದಿತ್ತು ಎಂದು ಬರೆದು ಕಳಿಸಿ. ಬೋಲ್ಟೋ ಗುಂಡಿಯೋ ಎಂಬುದನ್ನು ಅದನ್ನು ನೋಡಿ ಹೇಳುತ್ತೇನೆ.